ಮಂಗಳದ ಮಣ್ಣು ಪರೀಕ್ಷೆ: ‘ಬದುಕೋಕೆ ಯೋಗ್ಯ’ ಅಂದ್ರೆ ‘ಜೀವ ಸಿಕ್ತು’ ಅಂತಲ್ಲ!

ಕೆಲವು ತಿಂಗಳಿಗೊಮ್ಮೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಥರದ ಸುದ್ದಿ ಸುತ್ತಾಡುತ್ತೆ. ‘ಮಂಗಳ ಗ್ರಹದಲ್ಲಿ ಜೀವಿಗಳು ಪತ್ತೆ’, ‘ಮಂಗಳದಲ್ಲಿ ನೀರು ಸಿಕ್ತು, ಇನ್ನು ಮನುಷ್ಯರು ಹೋಗಿ ನೆಲೆಸೋದೊಂದೇ ಬಾಕಿ’ ಅಂತೆಲ್ಲ. ಕೆಳಗೆ ಒಂದು ಕೆಂಪು ಮರುಭೂಮಿಯ ಫೋಟೊ, ಆರು ಚಕ್ರದ ಗಾಡಿ.

ಫೋಟೊ ನಿಜ, ಗಾಡಿಯೂ ನಿಜ. ಆದರೆ ಆ ಗಾಡಿ ಹೇಳಿದ್ದು ಬೇರೆ, ಫಾರ್ವರ್ಡ್ ಆದ ಸುದ್ದಿ ಹೇಳೋದು ಬೇರೆ.

ಬಸ್ ಸ್ಟ್ಯಾಂಡ್ ಪಕ್ಕ ಖಾಲಿ ಬಿದ್ದಿರೋ ಒಂದು ಹಳೇ ಮಳಿಗೆ ಅಂದ್ಕೊಳ್ಳಿ. ಒಳಗೆ ಹೋಗಿ ನೋಡಿದರೆ ಸೂರು ಗಟ್ಟಿಯಿದೆ, ನಲ್ಲಿ ಇದೆ, ಕರೆಂಟ್ ಮೀಟರ್ ಇದೆ. ‘ಇಲ್ಲಿ ಅಂಗಡಿ ನಡೆಸಬಹುದಿತ್ತು’ ಅಂತ ಧೈರ್ಯವಾಗಿ ಹೇಳಬಹುದು. ಆದರೆ ಯಾರಾದರೂ ನಿಜವಾಗಿ ಅಂಗಡಿ ಇಟ್ಟಿದ್ದರಾ, ವ್ಯಾಪಾರ ಆಗಿತ್ತಾ ಅನ್ನೋದು ಬೇರೆಯದೇ ಪ್ರಶ್ನೆ. ಅದಕ್ಕೆ ಲೆಕ್ಕದ ಪುಸ್ತಕನೋ, ಹರಿದ ಬಿಲ್ಲಿನ ಚೂರೋ ಬೇಕು.

ಮಂಗಳದಲ್ಲಿ ರೋವರ್ ಇಲ್ಲಿವರೆಗೆ ಖಚಿತವಾಗಿ ಹೇಳಿರೋದು ಮೊದಲನೇ ಮಾತನ್ನು ಮಾತ್ರ. ಅದೇ ‘ಜೀವಯೋಗ್ಯತೆ’. ಆ ಒಂದು ಮಾತು ಹೇಳೋಕೆ ಮಣ್ಣಿನಲ್ಲಿ ಏನೇನು ಪರೀಕ್ಷೆ ಮಾಡಬೇಕಾಯ್ತು ಅನ್ನೋದನ್ನು ತಿಳಿದುಕೊಂಡರೆ, ಮುಂದಿನ ಸಲ ಫಾರ್ವರ್ಡ್ ಬಂದಾಗ ಯಾವುದು ಕಾಳು, ಯಾವುದು ಜೊಳ್ಳು ಅಂತ ನಿಮಗೇ ಗೊತ್ತಾಗುತ್ತೆ.

ಯಾವುದು ಈ ಗಾಡಿ?

ಅಮೆರಿಕದ ನಾಸಾ ಸಂಸ್ಥೆಯ ‘ಕ್ಯೂರಿಯಾಸಿಟಿ’ ರೋವರ್ 2011ರ ನವೆಂಬರ್ 26ರಂದು ಭೂಮಿಯಿಂದ ಹೊರಟು, 2012ರ ಆಗಸ್ಟ್ 6ರಂದು ಭಾರತೀಯ ಕಾಲಮಾನ ಬೆಳಗ್ಗೆ ಸುಮಾರು 11 ಗಂಟೆಗೆ ಮಂಗಳದ ಮೇಲೆ ಇಳಿಯಿತು. ತೂಕ 899 ಕೆ.ಜಿ. ಅಂದ್ರೆ ಒಂದು ಸಣ್ಣ ಕಾರಿನಷ್ಟು. ಒಳಗೆ ಡ್ರೈವರ್ ಇಲ್ಲ. ಗಂಟೆಗೆ 150 ಮೀಟರ್ ಕೂಡ ದಾಟದ ಓಟ.

ಇದಕ್ಕೆ ಸೋಲಾರ್ ಪ್ಲೇಟ್ ಇಲ್ಲ. ಪ್ಲುಟೋನಿಯಂ ತಾನಾಗಿಯೇ ಹೊರಬಿಡೋ ಶಾಖದಿಂದ ಕರೆಂಟ್ ಮಾಡಿಕೊಳ್ಳುತ್ತೆ. ಶುರುವಿನಲ್ಲಿ ಸಿಗುತ್ತಿದ್ದದ್ದು ಸುಮಾರು 110 ವ್ಯಾಟ್. ಹಳೇ ಮಾದರಿಯ ಎರಡು ಸೀಲಿಂಗ್ ಫ್ಯಾನ್ ತಿರುಗಿಸೋಕೂ ಸಾಲದು! ಅಷ್ಟರಲ್ಲೇ ಬ್ಯಾಟರಿ ಚಾರ್ಜ್ ಮಾಡಿಕೊಂಡು ಓಡಾಟ, ಕೊರೆಯೋದು, ಫೋಟೊ, ಮಣ್ಣು ಪರೀಕ್ಷೆ ಎಲ್ಲ ನಡೀಬೇಕು.

ರಿಮೋಟ್ ಹಿಡಿದು ಓಡಿಸೋ ಆಟದ ಕಾರಿನಂತೆ ಇದನ್ನು ಓಡಿಸೋಕೆ ಆಗಲ್ಲ. ಭೂಮಿಯಿಂದ ಸಂದೇಶ ಅಲ್ಲಿಗೆ ಮುಟ್ಟೋಕೆ ದೂರಕ್ಕೆ ತಕ್ಕಂತೆ ಸುಮಾರು 4ರಿಂದ 22 ನಿಮಿಷ ಬೇಕು. ‘ಹಳ್ಳ ಇದೆ, ನಿಲ್ಲಿಸು’ ಅಂತ ಹೇಳೋ ಹೊತ್ತಿಗೆ ಗಾಡಿ ಹಳ್ಳದಲ್ಲಿರುತ್ತೆ. ಹಾಗಾಗಿ ಒಂದು ದಿನದ ಕೆಲಸವನ್ನೆಲ್ಲ ಪಟ್ಟಿ ಮಾಡಿ ಒಟ್ಟಿಗೆ ಕಳಿಸ್ತಾರೆ. ರೋವರ್ ತಾನೇ ಮಾಡಿ ಮುಗಿಸಿ ವರದಿ ಕೊಡುತ್ತೆ.

ಇಳಿಯೋ ಜಾಗ ಆರಿಸಿದ್ದು ಹೇಗೆ?

ರೋವರ್ ಇಳಿದ ಜಾಗದ ಹೆಸರು ಗೇಲ್ ಕುಳಿ. ಅಗಲ ಸುಮಾರು 154 ಕಿ.ಮೀ. ಹಿಂದೆಂದೋ ದೊಡ್ಡ ಉಲ್ಕೆ ಬಡಿದು ಆದ ಗುಂಡಿ. ನಡುವೆ ಸುಮಾರು 5 ಕಿ.ಮೀ. ಎತ್ತರದ ಬೆಟ್ಟ. ವಿಜ್ಞಾನಿಗಳು ಅದನ್ನು ಮೌಂಟ್ ಶಾರ್ಪ್ ಅಂತಾರೆ. ಆ ಬೆಟ್ಟ ಪದರ ಪದರವಾಗಿದೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಕೆರೆ ಹೂಳು ತೆಗೆಯುವಾಗ ಅಂಚಿನಲ್ಲಿ ವರ್ಷ ವರ್ಷದ ಹೂಳಿನ ಗೆರೆ ಕಾಣಿಸುತ್ತಲ್ಲ, ಹಾಗೆ.

ತಗ್ಗು ಜಾಗ ಅಂದ್ಮೇಲೆ ನೀರಿದ್ದರೆ ಅಲ್ಲಿಗೇ ಹರಿದು ಬರಬೇಕು. ಲೆಕ್ಕ ತಪ್ಪಲಿಲ್ಲ. ಇಳಿದು ಎರಡು ತಿಂಗಳೊಳಗೇ ಜಲ್ಲಿಕಲ್ಲು ಅಂಟಿಕೊಂಡ ಬಂಡೆ ಕಣ್ಣಿಗೆ ಬಿತ್ತು. ಕಲ್ಲುಗಳ ಮೂಲೆಯೆಲ್ಲ ಸವೆದು ಗುಂಡಗಾಗಿತ್ತು. ಹೊಳೆದಂಡೆಯ ಕಲ್ಲು ನೋಡಿದವರಿಗೆ ಹೇಳೋದೇ ಬೇಡ. ಆ ಗಾತ್ರದ ಕಲ್ಲನ್ನು ಗಾಳಿ ಉರುಳಿಸಿಕೊಂಡು ಹೋಗಲ್ಲ, ನೀರೇ ಆಗಬೇಕು. ಕಾಲಿನ ಗಂಟಿನಿಂದ ಸೊಂಟದವರೆಗೆ ಆಳದ ಹೊಳೆ ಅಲ್ಲಿ ಹರಿದಿತ್ತು ಅಂತ ವಿಜ್ಞಾನಿಗಳು ಅಂದಾಜು ಮಾಡಿದರು.

ಮೊದಲು ಪಾತ್ರೆ ತೊಳಿ, ಆಮೇಲೆ ಪರೀಕ್ಷೆ

2012ರ ಅಕ್ಟೋಬರ್‌ನಲ್ಲಿ ‘ರಾಕ್‌ನೆಸ್ಟ್’ ಅನ್ನೋ ಮರಳು ದಿಬ್ಬದಲ್ಲಿ ರೋವರ್ ಮೊದಲ ಸಲ ಮಣ್ಣು ಬಾಚಿತು. ಆದರೆ ಆ ಮೊದಲ ಹಿಡಿ ಮಣ್ಣನ್ನು ಪರೀಕ್ಷೆಗೇ ಹಾಕಲಿಲ್ಲ! ಅದನ್ನು ಒಳಗಿನ ಡಬ್ಬಿ, ಕೊಳವೆಗಳಲ್ಲಿ ಗಡಗಡ ಅಲ್ಲಾಡಿಸಿ ಚೆಲ್ಲಿತು. ಯಾಕೆ? ಭೂಮಿಯಿಂದ ಅಂಟಿಕೊಂಡು ಬಂದ ಜಿಡ್ಡು ಏನಾದರೂ ಇದ್ದರೆ ಉಜ್ಜಿ ತೆಗೆಯೋಕೆ. ಬೂದಿ ಹಾಕಿ ಪಾತ್ರೆ ತಿಕ್ಕಿದಂತೆ.

ಅದೇ ಹೊತ್ತಿಗೆ ನೆಲದ ಮೇಲೆ ಏನೋ ಹೊಳೆಯೋ ಚೂರು ಕಾಣಿಸಿತು. ಕೆಲಸ ನಿಲ್ಲಿಸಿ ಫೋಟೊ ತೆಗೆದು ನೋಡಿದರೆ, ರೋವರ್‌ನಿಂದಲೇ ಉದುರಿದ ಪ್ಲಾಸ್ಟಿಕ್‌ನಂಥ ಚೂರು ಅನ್ನೋ ತೀರ್ಮಾನಕ್ಕೆ ಬಂದರು. ನಾವೇ ತಗೊಂಡು ಹೋದದ್ದನ್ನು ಅಲ್ಲಿಯದು ಅಂದ್ಕೊಂಡು ಮೋಸ ಹೋಗಬಾರದು ಅನ್ನೋ ಎಚ್ಚರ ಇದು.

ಆಮೇಲೆ ಹಾಕಿದ ಮಣ್ಣು ಎರಡು ಯಂತ್ರಗಳಿಗೆ ಹೋಯ್ತು. ‘ಕೆಮಿನ್’ ಅನ್ನೋದು ಎಕ್ಸ್‌ರೇ ಹಾಯಿಸಿ ಯಾವ ಖನಿಜ ಎಷ್ಟಿದೆ ಅಂತ ಹೇಳುತ್ತೆ. ‘ಸ್ಯಾಮ್’ ಅನ್ನೋದು ಒಂದು ಪುಟ್ಟ ಒಲೆ. ಮಣ್ಣನ್ನು 800 ಡಿಗ್ರಿ ದಾಟಿಸಿ ಕಾಯಿಸಿ, ಬರೋ ಹಬೆಯಲ್ಲಿ ಏನೇನಿದೆ ಅಂತ ಮೂಸಿ ನೋಡುತ್ತೆ.

ಫಲಿತಾಂಶ: ಮಣ್ಣು ಹವಾಯಿ ದ್ವೀಪದ ಜ್ವಾಲಾಮುಖಿ ಮಣ್ಣಿನಂತಿದೆ. ತೂಕದಲ್ಲಿ ಸುಮಾರು ಶೇ 2ರಷ್ಟು ನೀರು. ಅಂದ್ರೆ ಒಂದು ಕೆ.ಜಿ. ಮಣ್ಣು ಚೆನ್ನಾಗಿ ಕಾಯಿಸಿದರೆ 20 ಗ್ರಾಂ ಆಸುಪಾಸು ನೀರು. ಕೈಯಲ್ಲಿ ಹಿಡಿದರೆ ಒಣಗಿದ ಧೂಳೇ. ನೀರು ಕಣದೊಳಗೆ ಅಂಟಿಕೊಂಡು ಕೂತಿದೆ.

‘ಇತಿಹಾಸದ ಸುದ್ದಿ’ ಪುಸ್ ಅಂದಿದ್ದು

ಈ ಹೊತ್ತಿಗೆ ಒಂದು ಪ್ರಸಂಗ ನಡೆಯಿತು. 2012ರ ನವೆಂಬರ್‌ನಲ್ಲಿ ಯೋಜನೆಯ ಮುಖ್ಯ ವಿಜ್ಞಾನಿ ಜಾನ್ ಗ್ರೋಟ್ಸಿಂಗರ್ ಅವರು ರೇಡಿಯೊ ಸಂದರ್ಶನವೊಂದರಲ್ಲಿ, ಬರ್ತಿರೋ ಮಾಹಿತಿ ಇತಿಹಾಸದ ಪುಸ್ತಕಕ್ಕೆ ಸೇರುವಂಥದ್ದು ಎಂಬರ್ಥದ ಮಾತಾಡಿದರು. ಅಷ್ಟು ಸಾಕಾಯ್ತು. ‘ಮಂಗಳದಲ್ಲಿ ಜೀವ ಸಿಕ್ಕೇಬಿಟ್ಟಿತು’ ಅಂತ ಪ್ರಪಂಚವೆಲ್ಲ ಗುಲ್ಲೆದ್ದಿತು.

ಡಿಸೆಂಬರ್ 3ರಂದು ನಾಸಾ ಹೇಳಿದ್ದೇನು? ಇಂಗಾಲ ಇರುವ ಸರಳ ಸಂಯುಕ್ತಗಳು ಕಂಡಿವೆ. ಆದರೆ ಆ ಇಂಗಾಲ ಮಂಗಳದ್ದೋ, ಯಂತ್ರದಲ್ಲೇ ಭೂಮಿಯಿಂದ ಬಂದದ್ದೋ ಇನ್ನೂ ಹೇಳೋಕಾಗಲ್ಲ ಅಂತ. ಸ್ಯಾಮ್ ಯಂತ್ರದೊಳಗಿನ ರಾಸಾಯನಿಕವೊಂದು ಸ್ವಲ್ಪ ಸೋರಿ ಬೆರೆತಿದ್ದು ಆಮೇಲೆ ಖಚಿತವಾಯಿತು. ಗುಲ್ಲು ಎಬ್ಬಿಸಿದವರಿಗೆ ನಿರಾಸೆ. ಆದರೆ ‘ಗೊತ್ತಿಲ್ಲ, ಇನ್ನೂ ನೋಡಬೇಕು’ ಅಂತ ಹೇಳಿದ್ದೇ ಸರಿಯಾದ ವಿಜ್ಞಾನವಾಗಿತ್ತು.

ಮೇಲೆ ಕೆಂಪು, ಒಳಗೆ ಬೂದು

ಜಮೀನಿನ ಮಣ್ಣು ಪರೀಕ್ಷೆಗೆ ಕೊಟ್ಟವರಿಗೆ ಗೊತ್ತಿರುತ್ತೆ. ಮೇಲಿನ ಕಸಕಡ್ಡಿ ಸರಿಸಿ, ‘ವಿ’ ಆಕಾರದ ಗುಂಡಿ ತೋಡಿ, ಒಳಗಿನ ಮಣ್ಣು ತೆಗೀಬೇಕು. ಮೇಲಿನ ಧೂಳು ಕೊಟ್ಟರೆ ಚೀಟಿಯಲ್ಲಿ ಸುಳ್ಳು ಲೆಕ್ಕ ಬರುತ್ತೆ.

ಮಂಗಳದಲ್ಲೂ ಅದೇ ಕಥೆ. ಮೇಲಿನ ಮರಳು ಕೋಟ್ಯಂತರ ವರ್ಷ ಗಾಳಿಗೆ ಹಾರಾಡಿ, ಬಿಸಿಲಿಗೆ, ವಿಕಿರಣಕ್ಕೆ ಬೆಂದದ್ದು. ಹಾಗಾಗಿ 2013ರ ಫೆಬ್ರವರಿಯಲ್ಲಿ ‘ಯೆಲ್ಲೋನೈಫ್ ಬೇ’ ಎಂಬ ತಗ್ಗಿನಲ್ಲಿ ‘ಜಾನ್ ಕ್ಲೈನ್’ ಎಂದು ಹೆಸರಿಟ್ಟ ಬಂಡೆಗೆ ರೋವರ್ ಡ್ರಿಲ್ ಇಟ್ಟಿತು. ಮಂಗಳದ ಬಂಡೆಯೊಳಗೆ ಕೊರೆದು ಮಾದರಿ ತೆಗೆದದ್ದು ಅದೇ ಮೊದಲು. ತೂತಿನ ಆಳ 6.4 ಸೆಂ.ಮೀ., ಅಗಲ 1.6 ಸೆಂ.ಮೀ. ಒಂದು ಬೆರಳು ತೂರುವಷ್ಟು.

ಹೊರಗೆ ಬಂದ ಪುಡಿ ಕೆಂಪಗಿರಲಿಲ್ಲ, ಬೂದು ಬಣ್ಣ! ಮಂಗಳದ ಕೆಂಪು ಅಂದ್ರೆ ಕಬ್ಬಿಣದ ತುಕ್ಕು. ಅದು ಮೇಲ್ಮೈಗೆ ಮಾತ್ರ. ಒಳಗೆ ತುಕ್ಕು ಹಿಡಿಯದ, ಹಳೆಯ ಕೆರೆಯ ಕೆಸರು ಕಲ್ಲಾಗಿ ಕೂತಿತ್ತು.

ಮಂಗಳದ ‘ಮಣ್ಣು ಪರೀಕ್ಷೆ ಚೀಟಿ’

2013ರ ಮಾರ್ಚ್ 12ರಂದು ನಾಸಾ ಈ ಕೆಸರುಗಲ್ಲಿನ ಫಲಿತಾಂಶ ಪ್ರಕಟಿಸಿತು. ಅದನ್ನೂ ಆಮೇಲೆ ಅದೇ ಜಾಗದಿಂದ ಬಂದ ಫಲಿತಾಂಶಗಳನ್ನೂ ಸೇರಿಸಿ ನಮ್ಮ ಮಣ್ಣು ಆರೋಗ್ಯ ಚೀಟಿಯ ಥರ ಬರೆದರೆ ಹೀಗಿರುತ್ತೆ:

* ಪಿಎಚ್: ಹೆಚ್ಚುಕಮ್ಮಿ ತಟಸ್ಥ. ಹುಳಿಯೂ ಅಲ್ಲ, ಚೌಳೂ ಅಲ್ಲ.
* ಉಪ್ಪಿನಂಶ: ಕಡಿಮೆ. ಆ ಕೆರೆಯ ನೀರು ಕುಡಿಯಬಹುದಾಗಿದ್ದಂಥದ್ದು ಅಂತ ಗ್ರೋಟ್ಸಿಂಗರ್ ಅವರೇ ಹೇಳಿದ್ದರು.
* ಜೇಡಿ: ಶೇ 20ರಷ್ಟು. ಅದೂ ಸ್ಮೆಕ್ಟೈಟ್ ಜಾತಿಯ ಜೇಡಿ. ನಮ್ಮ ಎರೆ ಭೂಮಿ ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡೋದು ಇದೇ ಜಾತಿಯ ಜೇಡಿಯಿಂದ. ಇದು ಆಗಬೇಕಾದರೆ ಕಲ್ಲು ನೀರಲ್ಲಿ ಬಹಳ ಕಾಲ ನೆನೆದಿರಬೇಕು.
* ಜಿಪ್ಸಂ ಜಾತಿಯ ಬಿಳಿ ಗೆರೆಗಳು: ಬಂಡೆಯ ಬಿರುಕುಗಳಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ತುಂಬಿಕೊಂಡಿದೆ. ಕೆರೆ ಬತ್ತಿದ ಮೇಲೂ ನೆಲದೊಳಗೆ ನೀರು ಓಡಾಡಿತ್ತು ಅನ್ನೋದಕ್ಕೆ ಗುರುತು.
* ಪೋಷಕಾಂಶ: ಗಂಧಕ, ಸಾರಜನಕ, ರಂಜಕ, ಇಂಗಾಲ, ಜಲಜನಕ, ಆಮ್ಲಜನಕ ಎಲ್ಲವೂ ಇವೆ. ಗೊಬ್ಬರದಲ್ಲಿ ಸಿಗುವಂಥ ನೈಟ್ರೇಟ್ ರೂಪದ ಸಾರಜನಕವೂ ಇದೆ ಅಂತ 2015ರಲ್ಲಿ ಗೊತ್ತಾಯ್ತು.
* ಸಾವಯವ ಇಂಗಾಲ: 10 ಲಕ್ಷ ಭಾಗದಲ್ಲಿ 200ರಿಂದ 273 ಭಾಗ. ಅಂದ್ರೆ ಶೇ 0.02ರ ಆಸುಪಾಸು. ನಮ್ಮಲ್ಲಿ ಶೇ 0.5ಕ್ಕಿಂತ ಕಡಿಮೆ ಬಂದರೇ ಚೀಟಿಯಲ್ಲಿ ‘ಕಡಿಮೆ’ ಅಂತ ಬರೆದು ಕೊಡ್ತಾರೆ. ಅಲ್ಲಿನದು ತೀರಾ ಬಡ. ಆದರೆ ಸೊನ್ನೆ ಅಲ್ಲ.

ಇನ್ನೊಂದು ಸಂಗತಿ. ಕೆಲವು ಸೂಕ್ಷ್ಮಜೀವಿಗಳಿಗೆ ಬಿಸಿಲೂ ಬೇಡ, ಎಲೆಯೂ ಬೇಡ. ಕಲ್ಲಿನೊಳಗಿನ ರಾಸಾಯನಿಕಗಳಿಂದಲೇ ಶಕ್ತಿ ಹೀರಿಕೊಂಡು ಬದುಕುತ್ತವೆ. ಭೂಮಿಯಲ್ಲಿ ಅಂಥವು ಇವೆ. ಯೆಲ್ಲೋನೈಫ್ ಬೇ ಬಂಡೆಯಲ್ಲಿ ತುಕ್ಕು ಹಿಡಿದ, ಅರೆಬರೆ ಹಿಡಿದ, ಹಿಡಿಯದ ಖನಿಜಗಳು ಒಟ್ಟಿಗೆ ಸಿಕ್ಕಿವೆ. ಆ ಜೀವಿಗಳ ಪಾಲಿಗೆ ಅದು ಚಾರ್ಜ್ ಆಗಿರೋ ಬ್ಯಾಟರಿ ಇದ್ದಂತೆ.

ಎಲ್ಲ ಕೂಡಿಸಿದರೆ ತೀರ್ಮಾನ: 350 ಕೋಟಿ ವರ್ಷಕ್ಕೂ ಹಿಂದೆ ಆ ಕೆರೆಯಲ್ಲಿ ಸೂಕ್ಷ್ಮಜೀವಿಗಳು ಬದುಕೋಕೆ ಬೇಕಾದ್ದೆಲ್ಲ ಇತ್ತು. ಮಳಿಗೆ ತಯಾರಿತ್ತು.

ಹಾಗಾದ್ರೆ ವ್ಯಾಪಾರ ನಡೆದಿತ್ತಾ?

ಇದಕ್ಕೆ ಇನ್ನೂ ಉತ್ತರ ಇಲ್ಲ. ಚೂರುಪಾರು ‘ಬಿಲ್ಲು’ಗಳು ಸಿಗ್ತಾ ಇವೆ, ಆದರೆ ಸಹಿ ಕಾಣಿಸ್ತಿಲ್ಲ.

2018ರ ಜೂನ್‌ನಲ್ಲಿ, ಸುಮಾರು 300 ಕೋಟಿ ವರ್ಷ ಹಳೆಯ ಕೆಸರುಗಲ್ಲಿನಲ್ಲಿ ಗಂಧಕ ಸೇರಿದ ಸಾವಯವ ಅಣುಗಳು ಸಿಕ್ಕವು ಅಂತ ಪ್ರಕಟವಾಯಿತು. 2025ರ ಮಾರ್ಚ್‌ನಲ್ಲಿ, 2013ರಲ್ಲೇ ಕೊರೆದಿದ್ದ ‘ಕಂಬರ್‌ಲ್ಯಾಂಡ್’ ಮಾದರಿಯಲ್ಲಿ ಡೆಕೇನ್, ಅಂಡೆಕೇನ್, ಡೋಡೆಕೇನ್ ಅನ್ನೋ ಉದ್ದ ಸರಪಳಿಯ ಅಣುಗಳು ಪತ್ತೆಯಾದವು. ಕೊಬ್ಬಿನ ಆಮ್ಲಗಳು ಒಡೆದರೆ ಇಂಥ ಚೂರು ಬರಬಹುದು. ಜೀವಕೋಶದ ಹೊರಗೋಡೆಗೆ ಕೊಬ್ಬಿನ ಆಮ್ಲ ಬೇಕು. ಆದರೆ ಜೀವಿಯೇ ಇಲ್ಲದೆ, ಬರೀ ರಾಸಾಯನಿಕ ಕ್ರಿಯೆಯಿಂದಲೂ ಇವು ಆಗಬಹುದು. ಉಲ್ಕೆಗಳು ಹೊತ್ತು ತಂದಿರಲೂಬಹುದು. ‘ಸಾವಯವ’ ಅಂದ ಕೂಡಲೇ ‘ಜೀವಿಯದು’ ಅಂತ ಓದಬಾರದು. ರಸಾಯನ ವಿಜ್ಞಾನದಲ್ಲಿ ಅದು ಇಂಗಾಲದ ಅಣುಗಳಿಗೆ ಇಟ್ಟ ಹೆಸರು ಅಷ್ಟೇ.

2021ರ ಫೆಬ್ರವರಿ 18ರಂದು ಇಳಿದ ‘ಪರ್ಸಿವಿಯರೆನ್ಸ್’ ರೋವರ್ ಮತ್ತೊಂದು ಕಡೆ, ಜೆಝೆರೊ ಕುಳಿಯಲ್ಲಿದೆ. ಅದು 2024ರಲ್ಲಿ ಚಿರತೆಯ ಮೈಯಂಥ ಚುಕ್ಕೆಗಳಿರೋ ಬಂಡೆ ಕಂಡು ಮಾದರಿ ತೆಗೆಯಿತು. ಆ ಚುಕ್ಕೆಗಳಲ್ಲಿರೋ ಕಬ್ಬಿಣದ ಖನಿಜಗಳು ಭೂಮಿಯಲ್ಲಿ ಬಹಳ ಸಲ ಸೂಕ್ಷ್ಮಜೀವಿಗಳ ಸಹವಾಸದಲ್ಲಿ ಆಗುವಂಥವು. 2025ರ ಸೆಪ್ಟೆಂಬರ್‌ನಲ್ಲಿ ಇದರ ಪ್ರಬಂಧ ಬಂದಾಗ ವಿಜ್ಞಾನಿಗಳು ಬಳಸಿದ ಪದ ‘ಸಂಭವನೀಯ ಜೈವಿಕ ಗುರುತು’. ‘ಸಂಭವನೀಯ’ ಅನ್ನೋ ಪದವೇ ಅಲ್ಲಿ ಮುಖ್ಯ. ಫಾರ್ವರ್ಡ್‌ಗಳಲ್ಲಿ ಮೊದಲು ಮಾಯವಾಗೋದೂ ಅದೇ ಪದ.

ಇಷ್ಟೊಂದು ಅಳುಕು ಯಾಕೆ ಅಂತೀರಾ? ಹಳೇ ಅನುಭವ ಇದೆ. 1976ರಲ್ಲಿ ಇಳಿದ ವೈಕಿಂಗ್ ನೌಕೆಗಳು ಮಂಗಳದ ಮಣ್ಣಿಗೆ ಪೋಷಕಾಂಶದ ದ್ರಾವಣ ಹಾಕಿದಾಗ ಅನಿಲ ಹೊಮ್ಮಿತು. ‘ಏನೋ ಉಸಿರಾಡ್ತಿದೆ’ ಅಂತ ಕೆಲವರು ಅಂದರು. ಆದರೆ ಅದೇ ನೌಕೆಯ ಇನ್ನೊಂದು ಯಂತ್ರಕ್ಕೆ ಜೀವಿಗೆ ಬೇಕಾದ ಸಾವಯವ ವಸ್ತು ಕಾಣಲಿಲ್ಲ. ಮಣ್ಣಿನ ಖಾರ ರಾಸಾಯನಿಕಗಳೇ ಹಾಗೆ ಮಾಡಿರಬೇಕು ಅನ್ನೋದು ಹೆಚ್ಚಿನವರ ಅಭಿಪ್ರಾಯ. ವಾದ ಇವತ್ತಿಗೂ ಪೂರ್ತಿ ಮುಗಿದಿಲ್ಲ.

ಆ ಪಾಠದಿಂದಲೇ ಕ್ಯೂರಿಯಾಸಿಟಿಯನ್ನು ‘ಜೀವ ಹುಡುಕು’ ಅಂತ ಕಳಿಸಲಿಲ್ಲ. ‘ಜೀವಕ್ಕೆ ತಕ್ಕ ಜಾಗ ಇತ್ತಾ ನೋಡು’ ಅಂತ ಕಳಿಸಿದರು. ಮೊದಲು ನೆಲ ನೋಡಿ, ಆಮೇಲೆ ಬೆಳೆಯ ಮಾತು.

ಈಗ ಅಲ್ಲಿ ಹೋಗಿ ಬೆಳೆ ಬೆಳೀಬಹುದಾ?

ಸಿನಿಮಾದಲ್ಲಿ ಆಲೂಗಡ್ಡೆ ಬೆಳೆದದ್ದನ್ನು ನೋಡಿದವರು ಕೇಳೋ ಪ್ರಶ್ನೆ ಇದು. ‘ಜೀವಯೋಗ್ಯ’ ಅಂತ ಹೇಳಿದ್ದು 350 ಕೋಟಿ ವರ್ಷದ ಹಿಂದಿನ ಮಾತು. ಈಗಿನ ಪರಿಸ್ಥಿತಿಯೇ ಬೇರೆ.

ಗಾಳಿಯ ಒತ್ತಡ ಭೂಮಿಯದರ ಶೇ 1ಕ್ಕಿಂತ ಕಡಿಮೆ. ಇರೋದರಲ್ಲೂ ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡ್. ಗೇಲ್ ಕುಳಿಯಲ್ಲಿ ರಾತ್ರಿ ಮೈನಸ್ 70 ಡಿಗ್ರಿಗಿಂತಲೂ ಕೆಳಗೆ ಇಳಿಯುತ್ತೆ. ಭೂಮಿಗಿರುವಂಥ ಕಾಂತಕ್ಷೇತ್ರದ ಕೊಡೆ ಇಲ್ಲ, ಹಾಗಾಗಿ ವಿಕಿರಣ ನೇರವಾಗಿ ನೆಲಕ್ಕೆ ಬಡಿಯುತ್ತೆ.

ಜೊತೆಗೆ ಮಣ್ಣಲ್ಲಿ ಪರ್‌ಕ್ಲೋರೇಟ್ ಅನ್ನೋ ಲವಣ ಇದೆ. 2008ರಲ್ಲಿ ಫೀನಿಕ್ಸ್ ನೌಕೆ ಅದನ್ನು ಪತ್ತೆ ಮಾಡಿತು, ಕ್ಯೂರಿಯಾಸಿಟಿಗೂ ಅದರ ಸುಳಿವು ಸಿಕ್ಕಿತು. ಮನುಷ್ಯರ ಥೈರಾಯ್ಡ್ ಕೆಲಸಕ್ಕೆ ಇದು ಅಡ್ಡಿ ಮಾಡುತ್ತೆ. ಆ ಮಣ್ಣನ್ನು ತೊಳೆದು ಶುದ್ಧ ಮಾಡದೆ ಬೆಳೆದದ್ದನ್ನು ತಿನ್ನೋ ಹಾಗಿಲ್ಲ. ಹಾಗಾಗಿ ಮಂಗಳದಲ್ಲಿ ಸೈಟು ಕೊಡಿಸ್ತೀವಿ ಅಂತ ಯಾರಾದರೂ ಬಂದರೆ ನಗುತ್ತಾ ಕಳಿಸಿಬಿಡಿ.

ಮೆಕ್ಯಾನಿಕ್ ಇಲ್ಲದ ಊರಲ್ಲಿ ರಿಪೇರಿ

ಮೊದಲ ಲೆಕ್ಕದ ಪ್ರಕಾರ ಕ್ಯೂರಿಯಾಸಿಟಿಯ ಕೆಲಸ ಒಂದು ಮಂಗಳ ವರ್ಷ, ಅಂದ್ರೆ ನಮ್ಮ 687 ದಿನ. ಅದು 13 ವರ್ಷ ದಾಟಿಯೂ ಓಡ್ತಾನೇ ಇತ್ತು, 35 ಕಿ.ಮೀ.ಗಿಂತ ಹೆಚ್ಚು ದಾರಿ ಸವೆಸಿದೆ. ಹಾಗಂತ ಸಲೀಸಾಗಿ ಏನೂ ನಡೆದಿಲ್ಲ. ಚೂಪು ಕಲ್ಲುಗಳಿಗೆ ಅಲ್ಯೂಮಿನಿಯಂ ಚಕ್ರಗಳು ತೂತು ಬಿದ್ದಿವೆ.

2016ರ ಡಿಸೆಂಬರ್‌ನಲ್ಲಿ ಡ್ರಿಲ್ ಅನ್ನು ಮುಂದಕ್ಕೆ ತಳ್ಳೋ ಭಾಗ ಕೈಕೊಟ್ಟಿತು. ಕೊರೆಯೋದೇ ನಿಂತರೆ ಒಳಗಿನ ಮಾದರಿ ಸಿಗಲ್ಲ. ಹೋಗಿ ಬಿಚ್ಚಿ ನೋಡೋಕೆ ಆಗುತ್ತಾ? ಎಂಜಿನಿಯರ್‌ಗಳು ಭೂಮಿಯಲ್ಲಿ ಅದರದ್ದೇ ಜೋಡಿ ರೋವರ್ ಇಟ್ಟುಕೊಂಡು ತಿಂಗಳುಗಟ್ಟಲೆ ಪ್ರಯೋಗ ಮಾಡಿದರು. ಡ್ರಿಲ್ ಅನ್ನು ಪೂರ್ತಿ ಹೊರಗೆ ಚಾಚಿಟ್ಟು, ಇಡೀ ತೋಳಿನಿಂದಲೇ ಒತ್ತಿ ಕೊರೆಯೋ ಉಪಾಯ ಕಂಡುಕೊಂಡರು. ಮನೇಲಿ ಗೋಡೆಗೆ ಡ್ರಿಲ್ ಹಿಡಿದು ಮೈಭಾರ ಕೊಟ್ಟು ಒತ್ತೋ ಹಾಗೆ. 2018ರ ಮೇ ತಿಂಗಳಲ್ಲಿ ಮತ್ತೆ ಬಂಡೆ ಕೊರೆಯಿತು. ಕೋಟಿಗಟ್ಟಲೆ ಕಿ.ಮೀ. ದೂರದಿಂದ ಮಾಡಿದ ರಿಪೇರಿ ಅದು.

ಕರ್ನಾಟಕದ ನಂಟು

ಲೇಸರ್ ಹೊಡೆದು, ಕಲ್ಲಿನಿಂದ ಏಳುವ ಕಿಡಿಯ ಬಣ್ಣ ನೋಡಿ ಒಳಗೇನಿದೆ ಅಂತ ಹೇಳೋ ಯಂತ್ರ ಕ್ಯೂರಿಯಾಸಿಟಿಯಲ್ಲಿದೆ. 7 ಮೀಟರ್ ದೂರದವರೆಗೂ ಅದು ಕೆಲಸ ಮಾಡುತ್ತೆ. ಅದೇ ವಿಧಾನದ ಚಿಕ್ಕ ಉಪಕರಣ 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಕಡೆ ಇಳಿದ ಚಂದ್ರಯಾನ-3ರ ‘ಪ್ರಜ್ಞಾನ್’ ರೋವರ್‌ನಲ್ಲೂ ಇತ್ತು. ಅದನ್ನು ತಯಾರಿಸಿದ್ದು ಬೆಂಗಳೂರಿನಲ್ಲಿರೋ ಇಸ್ರೊದ ಎಲೆಕ್ಟ್ರೊ ಆಪ್ಟಿಕ್ಸ್ ಪ್ರಯೋಗಾಲಯ. ಚಂದ್ರನ ಆ ಭಾಗದ ಮಣ್ಣಿನಲ್ಲಿ ಗಂಧಕ ಇದೆ ಅಂತ ಖಚಿತಪಡಿಸಿದ್ದು ಅದೇ ಉಪಕರಣ.

ಪರ್ಸಿವಿಯರೆನ್ಸ್ ಇಳಿಯುವಾಗ ಅದರ ದಾರಿ ಮತ್ತು ನಿಯಂತ್ರಣದ ತಂಡವನ್ನು ಮುನ್ನಡೆಸಿ, ‘ನೆಲ ಮುಟ್ಟಿತು’ ಅಂತ ಜಗತ್ತಿಗೆ ಸಾರಿದ ಸ್ವಾತಿ ಮೋಹನ್ ಹುಟ್ಟಿದ್ದು ಬೆಂಗಳೂರಲ್ಲಿ. ಒಂದು ವರ್ಷದ ಮಗುವಾಗಿದ್ದಾಗಲೇ ಅವರ ಕುಟುಂಬ ಅಮೆರಿಕಕ್ಕೆ ಹೋಗಿತ್ತು. ಇನ್ನು ನಮ್ಮ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿದಾಗ ಅದನ್ನು ನಿಯಂತ್ರಿಸಿದ್ದೂ ಬೆಂಗಳೂರಿನಿಂದಲೇ. ಆದರೆ ಅದು ಸುತ್ತುವ ನೌಕೆ, ನೆಲಕ್ಕಿಳಿದು ಮಣ್ಣು ಮುಟ್ಟಿದ್ದಲ್ಲ.

ಸುದ್ದಿ ಬಂದಾಗ ಈ ಮೂರು ಪ್ರಶ್ನೆ ಕೇಳಿ

ಮುಂದಿನ ಸಲ ‘ಮಂಗಳದಲ್ಲಿ ಜೀವ’ ಅಂತ ಮೆಸೇಜ್ ಬಂದರೆ, ಫಾರ್ವರ್ಡ್ ಒತ್ತೋ ಮೊದಲು ಇಷ್ಟು ನೋಡಿ.

ಒಂದು, ಸಿಕ್ಕಿದ್ದು ಜೀವವೋ, ಜೀವಕ್ಕೆ ತಕ್ಕ ಜಾಗವೋ, ಬರೀ ಇಂಗಾಲದ ಅಣುವೋ? ಮೂರೂ ಬೇರೆ ಬೇರೆ.

ಎರಡು, ಈಗಿನ ಮಾತೋ, ಕೋಟ್ಯಂತರ ವರ್ಷದ ಹಿಂದಿನ ಮಾತೋ?

ಮೂರು, ಜೀವ ಇಲ್ಲದೆಯೂ ಅದು ಆಗಿರಬಹುದಾ? ವಿಜ್ಞಾನಿಗಳು ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರಾ?

ಪರ್ಸಿವಿಯರೆನ್ಸ್ ಕೊಳವೆಗಳಲ್ಲಿ ತುಂಬಿಟ್ಟ ಮಾದರಿಗಳು ಇನ್ನೂ ಮಂಗಳದಲ್ಲೇ ಇವೆ. ಅವು ಭೂಮಿಗೆ ಬಂದು ದೊಡ್ಡ ಪ್ರಯೋಗಾಲಯಗಳ ಪರೀಕ್ಷೆ ದಾಟಿದರೆ ಆಗ ಹೊಸ ಮಾತು ಹೇಳಬಹುದು. ಅಲ್ಲಿವರೆಗೆ ಚೀಟಿಯಲ್ಲಿರೋದು ಇಷ್ಟೇ: ನೆಲ ಚೆನ್ನಾಗಿತ್ತು, ನೀರೂ ಇತ್ತು. ಬಿತ್ತನೆ ಆಗಿತ್ತಾ ಅನ್ನೋ ಕಾಲಂ ಇನ್ನೂ ಖಾಲಿಯಿದೆ.